ಗಂಗೋತ್ರಿಯ ನೀರು ಯಾರ ಹೊಲಕ್ಕೆ?

(ಬೆಂಗಳೂರಿನಲ್ಲಿ ಕಾಲೇಜು ಹುಡುಗ ಹುಡುಗಿಯರೂ ಹೊಸದಾಗಿ ಕೆಲಸಕ್ಕೆ ಸೇರಿದವರೂ ಕೂಡಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮೈಸೂರು ವಿಶ್ವವಿದ್ಯಾನಿಲಯದ ಬಗ್ಗೆ ಮಾತಾಡಿ ಅಂತ ಈ ಹುಡುಗರು ಕರೆದಾಗ ನಾನು ಕೇಳಿದೆ: "ಬೆಂಗಳೂರಿನವರಿಗೆ ಮೈಸೂರಿನ ಕಥೆ ಯಾಕಪ್ಪಾ?" ಅವರಲ್ಲೊಬ್ಬ ಹೇಳಿದ: "ಸಾರ್, ನಮ್ಮಲ್ಲಿ ಎಷ್ಟೋ ಜನಕ್ಕೆ ಮಾನಸಗಂಗೋತ್ರಿ ಅಂದರೆ ದಸರಾ ಟೈಮಲ್ಲಿ ಯುವ ಸಂಭ್ರಮ ನಡೆಯೋ ಬಯಲು ರಂಗಮಂದಿರ. ಅಷ್ಟೇ." ಆ ಒಂದು ಮಾತಿಗೇ ಬಸ್ ಹತ್ತಿ ಬಂದುಬಿಟ್ಟೆ.

ಮೊದಲು ಒಂದು ಲೆಕ್ಕ ಸರಿಮಾಡಿಕೊಳ್ಳೋಣ. ಇದು ಮೈಸೂರಿನ ಕಥೆ ಮಾತ್ರ ಅಲ್ಲ. 1916ರಲ್ಲಿ ಆ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದು ನಿಂತಿದ್ದು ಎರಡು ಕಾಲಿನ ಮೇಲೆ. ಒಂದು ಮೈಸೂರಿನ ಮಹಾರಾಜ ಕಾಲೇಜು. ಇನ್ನೊಂದು ನೀವು ದಿನಾ ಬಸ್ಸಿನಲ್ಲಿ ಹಾದುಹೋಗುವ ನಿಮ್ಮ ಸೆಂಟ್ರಲ್ ಕಾಲೇಜು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಗುವ ತನಕ ಈ ಊರಿನ ಹುಡುಗರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಇದ್ದದ್ದು ಮೈಸೂರಿನ ಮೊಹರೇ. ಅದಕ್ಕೂ ಮುಂಚೆ? ಮದರಾಸು! ನಮ್ಮ ಹುಡುಗ ಪಾಸೋ ಫೇಲೋ ಅಂತ ಮದರಾಸಿನಲ್ಲಿ ಕೂತವರು ಹೇಳಬೇಕಿತ್ತು. ಆ ಪರಾಧೀನ ಸಾಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ್ದು ಇದು. ಬ್ರಿಟಿಷರ ನೇರ ಆಡಳಿತದ ಹೊರಗೆ ಇಂಡಿಯಾದಲ್ಲಿ ಎದ್ದ ಮೊದಲ ವಿಶ್ವವಿದ್ಯಾನಿಲಯ.

ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಈ ಹೆಸರು ಕೇಳಿದ್ದೀರಾ? 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಒಂದೇ ಮನುಷ್ಯ, ಒಂದು ವರ್ಷದ ಅಂತರದಲ್ಲಿ, ಎರಡೂ ಮನೆಯ ಯಜಮಾನ. ಇನ್ನೇನು, ಕನ್ನಡಕ್ಕೂ ವಿದ್ಯೆಗೂ ಮದುವೆ ಆಯಿತು ಅಂದುಕೊಳ್ಳಬೇಕು ತಾನೇ? ಆಗಲಿಲ್ಲ. ಕಟ್ಟಡ ನಮ್ಮದು, ದುಡ್ಡು ನಮ್ಮದು, ಮೇಷ್ಟ್ರುಗಳೂ ಬಹುಪಾಲು ನಮ್ಮವರೇ. ಪಾಠದ ಬಾಯಿ ಮಾತ್ರ ಇಂಗ್ಲಿಷಿನದು. ಕನ್ನಡದಲ್ಲೇ ಎಂ.ಎ. ಮಾಡುವ ಭಾಗ್ಯ ಬರೋದಕ್ಕೆ 1927ರ ತನಕ ಕಾಯಬೇಕಾಯಿತು.

ಆದರೆ ಆ ಕಾಲದ ಮೇಷ್ಟ್ರುಗಳು ಸುಮ್ಮನೆ ಕೂರಲಿಲ್ಲ. ಇದನ್ನು ನೀವು ಚೆನ್ನಾಗಿ ಕೇಳಿಸಿಕೊಳ್ಳಬೇಕು. 1918ರಲ್ಲಿ, ವಿಶ್ವವಿದ್ಯಾನಿಲಯಕ್ಕೆ ಇನ್ನೂ ಎರಡು ವರ್ಷದ ಹಸುಗೂಸಿನ ವಯಸ್ಸು, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅಂತ ಇಬ್ಬರು ಸೇರಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತೆಗೆದರು. ಕನ್ನಡದಲ್ಲಿ, ಬರೀ ವಿಜ್ಞಾನಕ್ಕೆ! ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿ ಬಂದು, ಸಂಜೆ ಕೂತು ಅದನ್ನೇ ಕನ್ನಡದಲ್ಲಿ ಬರೆಯೋದು. ಪತ್ರಿಕೆ ಎರಡು ವರ್ಷದಲ್ಲಿ ನಿಂತುಹೋಯಿತು ನಿಜ. ಮರುವರ್ಷ, 1919ರಲ್ಲಿ, ಅದೇ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ' ತಂದರು. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯೇ ಆಯಿತು. ಇವತ್ತು ನಮ್ಮಲ್ಲಿ "ಟೈಮಿಲ್ಲ ಸಾರ್" ಅನ್ನುವವರಿಗೆ ಈ ಎರಡು ಹೆಸರು ಸಾಕು.

ಇನ್ನೂ ದೊಡ್ಡ ಕೆಲಸ ನಡೆದದ್ದು 1930ರ ದಶಕದಲ್ಲಿ. ಪ್ರಚಾರೋಪನ್ಯಾಸ ಅಂತ ಶುರುಮಾಡಿದರು. ಏನದು? ಕಾಲೇಜಿನ ಅಧ್ಯಾಪಕರು ತಾಲ್ಲೂಕು ಊರುಗಳಿಗೆ, ಹಳ್ಳಿಗಳಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳೋದು. ಕಾಲೇಜಿನ ಮೆಟ್ಟಿಲು ಹತ್ತದ ರೈತನಿಗೆ, ಅಂಗಡಿಯವನಿಗೆ, ಪ್ರೈಮರಿ ಸ್ಕೂಲಿನ ಮೇಷ್ಟ್ರಿಗೆ. ಆಮೇಲೆ ಆ ಭಾಷಣವನ್ನು ಸಣ್ಣ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರೋದು. ಅಂಗೈಯಗಲದ ಪುಸ್ತಕ, ಜೇಬಲ್ಲಿ ಇಟ್ಟುಕೊಂಡು ಹೋಗಬಹುದು. ಹಳೇ ಪುಸ್ತಕದಂಗಡಿಗಳಲ್ಲಿ ಈಗಲೂ ಸಿಗುತ್ತವೆ. ನನ್ನ ಹತ್ತಿರ ಒಂದು ಕಟ್ಟು ಇದೆ, ಹುಳ ತಿಂದು ಮಿಕ್ಕಿದ್ದು. ಈ ವಿಭಾಗಕ್ಕೇ ಮುಂದೆ ಪ್ರಸಾರಾಂಗ ಅಂತ ಹೆಸರಾಯಿತು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಬಂತು. ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕು ಸಂಪುಟ ಮುಗಿಯೋದಕ್ಕೆ ಮೂರು ದಶಕಕ್ಕೂ ಮೀರಿ ಹಿಡಿಯಿತು. ತಡವಾಯಿತು ಅಂತ ಬೈಯುವವರು ಬೈಯಲಿ. ಅಷ್ಟನ್ನೂ ಬರೆಸಿದ್ದಾರಲ್ಲ, ಅದನ್ನು ಮೊದಲು ನೋಡಿ.

ಈಗ ಕುವೆಂಪು ವಿಷಯ. ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1956ರಿಂದ 1960ರ ತನಕ ಕುಲಪತಿಯಾದವರು. ಮಲೆನಾಡಿನ ಒಂದು ಮನೆಯಿಂದ ಬಂದ ಶೂದ್ರ ಹುಡುಗ, ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದವನು, ಕೊನೆಗೆ ಅದೇ ವಿಶ್ವವಿದ್ಯಾನಿಲಯದ ಕುರ್ಚಿಯಲ್ಲಿ ಕೂತದ್ದು! ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಸ್ನಾತಕೋತ್ತರ ವಿಭಾಗಗಳಿಗೆ ಜಾಗ ಆಯಿತು. ಬೇರೆ ಯಾರಾದರೂ ಆಗಿದ್ದರೆ 'ಯೂನಿವರ್ಸಿಟಿ ಕ್ಯಾಂಪಸ್' ಅಂತ ಬೋರ್ಡು ಬರೆಸಿ ಮುಗಿಸುತ್ತಿದ್ದರು. ಅವರು 'ಮಾನಸಗಂಗೋತ್ರಿ' ಅಂದರು. ಇವತ್ತಿಗೂ ಆಟೋದವರು, ಕಂಡಕ್ಟರು, ತರಕಾರಿ ಮಾರುವ ಅಮ್ಮ ಎಲ್ಲರೂ 'ಗಂಗೋತ್ರಿ' ಅನ್ನುತ್ತಾರೆ. ಕನ್ನಡದಲ್ಲಿ ಹೆಸರಿಟ್ಟರೆ ಜನಕ್ಕೆ ನಾಲಗೆ ಹೊರಳೋದಿಲ್ಲ ಅನ್ನುವ ನಮ್ಮ ಅಪಾರ್ಟ್‌ಮೆಂಟ್ ಕಟ್ಟುವವರು ಅಲ್ಲಿ ಹೋಗಿ ಒಂದು ದಿನ ನಿಂತು ಕೇಳಲಿ.

ಗಂಗೋತ್ರಿ ಅಂದರೆ ನದಿ ಹುಟ್ಟೋ ಜಾಗ. ಹುಟ್ಟಿದ ನೀರು ಹರಿಯಬೇಕು, ಇಲ್ಲದಿದ್ದರೆ ಅದು ಹೊಂಡ. ಹರಿಯಿತಾ? ಅರ್ಧ ಹರಿಯಿತು. ಕಲಾ ವಿಷಯಗಳಲ್ಲಿ ಕನ್ನಡದಲ್ಲಿ ಓದಿ ಪರೀಕ್ಷೆ ಬರೆಯುವ ದಾರಿ ತೆರೆಯಿತು. ರೈತರ ಮಕ್ಕಳು, ಕೂಲಿಯವರ ಮಕ್ಕಳು ಚರಿತ್ರೆ, ರಾಜ್ಯಶಾಸ್ತ್ರ ಓದಿ ಮೇಷ್ಟ್ರಾದರು, ತಹಸೀಲ್ದಾರರಾದರು. ವಿಜ್ಞಾನದ ಬಾಗಿಲು ಮಾತ್ರ ಇಂಗ್ಲಿಷಿನ ಬೀಗ ಹಾಕಿಕೊಂಡೇ ಉಳಿಯಿತು.

ಕ್ಯಾಂಪಸ್ ಜೀವನದ ಬಗ್ಗೆ ಹೇಳಿ ಅಂದಿದ್ದೀರಿ. ಸಿಹಿ ಕಥೆಗಳು ಬೇಕಾದಷ್ಟಿವೆ. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತಕ್ಕೆ ಹೊರಟಾಗ ಮಹಾರಾಜ ಕಾಲೇಜಿನ ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನ ತನಕ ಎಳೆದುಕೊಂಡು ಹೋದರು. ಅದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಒಂದು ಕಹಿ ಕಥೆ ನಾನು ಹೇಳುತ್ತೇನೆ. ನಾವು ಕನ್ನಡದ ಹೆಸರಿನಲ್ಲಿ ಸೇರಿದವರಾದ್ದರಿಂದ ಇಲ್ಲೇ ಹೇಳಬೇಕು.

1973ರ ನವೆಂಬರ್. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ದನಕ್ಕೆ ಹಾಕುವ ಬೂಸಾ. ಕನ್ನಡಕ್ಕೆ ಅವಮಾನವಾಯಿತು ಅಂತ ಗಲಾಟೆ ಎದ್ದಿತು. ಕಾಲೇಜುಗಳಿಂದ ಹುಡುಗರು ಬೀದಿಗಿಳಿದರು. ಸರಿ, ಮಾತಿಗೆ ಮಾತು ಆಡಬಹುದಿತ್ತು. ಆದರೆ ಏಟು ಬಿದ್ದದ್ದು ಯಾರಿಗೆ? ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರಿಗೆ. ಮಂತ್ರಿಗಿರಿಯೂ ಹೋಯಿತು. ಕನ್ನಡದ ಬಾವುಟ ಹಿಡಿದ ಕೈಯೇ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕೇರಿಯ ಮಕ್ಕಳ ಮೇಲೆ ಎತ್ತಿತು. ಅಂಥ ಕೇರಿಗಳಿಂದಲೇ ದೇವನೂರ ಮಹಾದೇವ ಬಂದರು, ಸಿದ್ಧಲಿಂಗಯ್ಯ ಬಂದರು, ದಲಿತ ಸಂಘರ್ಷ ಸಮಿತಿ ಎದ್ದಿತು. ಬೂಸಾ ಯಾವುದು, ಕಾಳು ಯಾವುದು ಅಂತ ಆಮೇಲೆ ಅವರೇ ಬರೆದು ತೋರಿಸಿದರು. ನಾವು ಮುಂದೆ ಯಾವುದಕ್ಕಾದರೂ ಘೋಷಣೆ ಕೂಗುವ ಮೊದಲು ಆ ನವೆಂಬರನ್ನು ಜ್ಞಾಪಿಸಿಕೊಳ್ಳಬೇಕು. ಕೋಪ ಬಂದವರಿದ್ದರೆ ಆಮೇಲೆ ಟೀ ಕುಡಿಯುವಾಗ ಜಗಳ ಮಾಡಿ, ನಾನಿಲ್ಲೇ ಇರುತ್ತೇನೆ.

ಇನ್ನು ನನ್ನ ಕಥೆ. ಯಾವ ಕಾಲೇಜು ಅಂತ ಕೇಳಬೇಡಿ, ಹೇಳೋದಿಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿ ಬಿ.ಎಸ್ಸಿ. ಕ್ಲಾಸಿಗೆ ಹೋಗಿ ಕೂತೆ. ನನ್ನ ಪಕ್ಕ ನನ್ನ ಊರಿನವನೇ ಇನ್ನೊಬ್ಬ. ಲೆಕ್ಕದಲ್ಲಿ ನನಗಿಂತ ಗಟ್ಟಿ. ಮೇಷ್ಟ್ರು ಒಂದು ದಿನ ಅವನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಉತ್ತರ ಅವನಿಗೆ ಗೊತ್ತಿತ್ತು, ನನಗೆ ಗೊತ್ತು ಅವನಿಗೆ ಗೊತ್ತಿತ್ತು ಅಂತ. ಅವನು "ಸಾರ್, ಅದು ವೇಗೋತ್ಕರ್ಷ..." ಅಂತ ಶುರುಮಾಡಿದ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ನಾಚಿಕೆಯಿಂದ ಹೇಳುತ್ತೇನೆ, ನಾನೂ ನಕ್ಕೆ. ನಗದಿದ್ದರೆ ನನ್ನನ್ನೂ ಎಬ್ಬಿಸುತ್ತಾರೆ ಅನ್ನೋ ಭಯ. ದಸರಾ ರಜಕ್ಕೆ ಊರಿಗೆ ಹೋದವನು ವಾಪಸ್ಸು ಬರಲಿಲ್ಲ. ಅವನ ಟ್ರಂಕು ನಾನೇ ಬಸ್ಸಿಗೆ ಹಾಕಿ ಕಳಿಸಿದೆ. ಅವನೀಗ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಚೆನ್ನಾಗಿಯೇ ಇದ್ದಾನೆ, ನನ್ನ ಮೇಲೆ ಸಿಟ್ಟೂ ಇಲ್ಲ. ಆ ನಗು ಮಾತ್ರ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ನನಗೆ ಬೆಳ್ಳಾವೆಯವರ ಪತ್ರಿಕೆ ಅಂದರೆ ಗಂಟಲು ಕಟ್ಟುತ್ತದೆ. ಅವರು ಯಾರಿಗೆ ಬರೆದರೋ ಆ ಹುಡುಗ ಕ್ಲಾಸಿಗೆ ಬಂದು ಕೂತಿದ್ದ. ಅವನ ಕೈಗೆ ಪುಸ್ತಕ ಕೊಡುವವರು ಇರಲಿಲ್ಲ.

ಈಗಿನ ಸ್ಥಿತಿಗೆ ಬರೋಣ. ಒಂದು ವಿಶ್ವವಿದ್ಯಾನಿಲಯವನ್ನು ಹೋಳು ಹೋಳು ಮಾಡಿ ಹಂಚಿದ್ದಾಯಿತು. 1980ರಲ್ಲಿ ಮಂಗಳೂರು ಬೇರೆ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬೇರೆ, 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ವಿಟಿಯುಗೆ. ಮನೆ ದೊಡ್ಡದಾದಾಗ ಪಾಲಾಗೋದು ತಪ್ಪಲ್ಲ. ಆದರೆ ಇತ್ತೀಚೆಗೆ ಮಂಡ್ಯಕ್ಕೊಂದು, ಹಾಸನಕ್ಕೊಂದು, ಚಾಮರಾಜನಗರಕ್ಕೊಂದು ಅಂತ ಬೋರ್ಡು ಬರೆಸಿದರಲ್ಲ, ಅದಕ್ಕೆ ದುಡ್ಡು ಇಟ್ಟರಾ? 2025ರ ಫೆಬ್ರವರಿ ಹೊತ್ತಿಗೆ ಇಂಥ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚಬೇಕು ಅನ್ನೋ ಮಾತು ಸಂಪುಟ ಉಪಸಮಿತಿಯಿಂದಲೇ ಬಂತು. ಹೆತ್ತವರೇ ಕೂಸನ್ನು ದೇವಸ್ಥಾನದ ಜಗಲಿಯ ಮೇಲೆ ಬಿಟ್ಟುಹೋದ ಹಾಗೆ! ಹಳೆಯವುಗಳ ಪಾಡು? ಖಾಯಂ ಅಧ್ಯಾಪಕರು ನಿವೃತ್ತರಾದ ಜಾಗಕ್ಕೆ ಅತಿಥಿ ಉಪನ್ಯಾಸಕರು. ಅತಿಥಿ ಅಂದರೆ ನಮ್ಮಲ್ಲಿ ಕಾಲಿಗೆ ನೀರು ಕೊಟ್ಟು ಊಟಕ್ಕೆ ಕೂರಿಸುತ್ತೇವೆ. ಇವರಿಗೆ ತಿಂಗಳ ಸಂಬಳ ತಿಂಗಳಿಗೆ ಬಂದರೆ ಅದೇ ದೊಡ್ಡದು. ಅಂಥವರನ್ನು ಹಳ್ಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡಿ ಅಂತ ಯಾವ ಬಾಯಲ್ಲಿ ಕೇಳೋಣ?

ಸರ್ಕಾರವನ್ನು ಬೈದದ್ದಾಯಿತು, ಚಪ್ಪಾಳೆಯೂ ಬಿತ್ತು. ಈಗ ನಮ್ಮ ಸರದಿ. 2021ರಲ್ಲಿ ಪದವಿಯಲ್ಲಿ ಕನ್ನಡ ಕಡ್ಡಾಯ ಅಂತ ಆದೇಶ ಬಂತು, ಕೋರ್ಟು ಮೆಟ್ಟಿಲು ಹತ್ತಿತು. ನಾವು ಬೀದಿಗೆ ಬಂದು ಕೂಗಿದೆವು, ಕೂಗಬೇಕಾದ್ದೇ. ಅದೇ ವರ್ಷ ಎಐಸಿಟಿಇ ಇಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದು ಅಂತು. ಬೆರಳೆಣಿಕೆಯ ಕಾಲೇಜು ಮುಂದೆ ಬಂದವು. ಸೀಟು ಕೇಳುವವರೇ ಇಲ್ಲ! ಯಾಕೆ? ಹುಡುಗರ ಮೇಲೆ ತಪ್ಪು ಹೊರಿಸಬೇಡಿ. ಪುಸ್ತಕ ಎಲ್ಲಿ? ಕೆಲಸ ಕೊಡುವ ಕಂಪನಿ ಎಲ್ಲಿ? ಮೂರನೇ ಸೆಮಿಸ್ಟರಿನಲ್ಲಿ ಕೈಬಿಟ್ಟರೆ ಗತಿ ಏನು? ಯಾವ ತಾಯಿ ತನ್ನ ಮಗನನ್ನು ಪ್ರಯೋಗಕ್ಕೆ ಕೊಡುತ್ತಾಳೆ? ಮೊದಲು ಮೆಟ್ಟಿಲು ಕಟ್ಟದೆ ಮಹಡಿಗೆ ಬಾ ಅಂದರೆ ಯಾರೂ ಬರೋದಿಲ್ಲ.

ಇಲ್ಲಿ ಕೂತವರಲ್ಲಿ ಅರ್ಧ ಜನ ಕಂಪ್ಯೂಟರ್ ಕೆಲಸದವರು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಕನ್ನಡ ವಿಕಿಸೋರ್ಸಿನಲ್ಲಿ ಹಾಕಿದ್ದಾರೆ. ನಿಮ್ಮಲ್ಲಿ ಎಷ್ಟು ಜನ ತೆರೆದು ನೋಡಿದ್ದೀರಿ, ಕೈಯೆತ್ತಿ... ಮೂರು. ನಾಲ್ಕು. ಸರಿ, ಇಲ್ಲಿಂದ ಶುರುಮಾಡೋಣ. ಒಬ್ಬೊಬ್ಬರು ನಿಮ್ಮ ನಿಮ್ಮ ವಿಷಯದಲ್ಲಿ ಹದಿನಾರು ಪುಟದ ಒಂದು ಪುಸ್ತಕ ಬರೆಯಿರಿ. ವಿದ್ಯುತ್ ಮೋಟಾರು ಹೇಗೆ ತಿರುಗುತ್ತೆ, ಸಂಖ್ಯಾಶಾಸ್ತ್ರ ಅಂದರೇನು, ಮೊಬೈಲಿಗೆ ಸಿಗ್ನಲ್ ಹೇಗೆ ಬರುತ್ತೆ. 'ವೇಗೋತ್ಕರ್ಷ' ಬೇಡವಾದರೆ ಬೇಡ, ಆಕ್ಸಿಲರೇಶನ್ ಅಂತಲೇ ಬರೆಯಿರಿ, ಜಗಳವಿಲ್ಲ. ಮೊದಲ ವರ್ಷದ ಬಿ.ಎಸ್ಸಿ. ಹುಡುಗ ರಾತ್ರಿ ಹಾಸ್ಟೆಲಿನಲ್ಲಿ ಓದಿ ಬೆಳಿಗ್ಗೆ ಕ್ಲಾಸಿನಲ್ಲಿ ತಲೆಯೆತ್ತಿ ಕೂರುವ ಹಾಗಿರಲಿ.

ನಮ್ಮ ಹುಡುಗರು ಮುಂದಿನ ತಿಂಗಳ ಎರಡನೇ ಶನಿವಾರ ಮೈಸೂರಿಗೆ ಹೊರಡೋ ಏರ್ಪಾಡು ಮಾಡಿದ್ದಾರೆ. ಪ್ರಸಾರಾಂಗದ ಪುಸ್ತಕ ಎಲ್ಲಿ ಸಿಗುತ್ತೆ ಅಂತ ವಿಚಾರಿಸಿಕೊಂಡು ಹೋಗೋಣ. 1905ರಲ್ಲಿ ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದ ಓರಿಯೆಂಟಲ್ ಲೈಬ್ರರಿಯ ಕಟ್ಟಡ ನೋಡೋಣ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು, ಯಾರು ಯಾವ ಪುಸ್ತಕ ಬರೆಯುತ್ತೀರಿ ಅಂತ ಹೆಸರು ಬರೆದುಕೊಳ್ಳೋಣ. ಪಟ್ಟಿ ಅಲ್ಲಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಬೆಳಿಗ್ಗೆ ರೈಲಿಗೆ ಬರುವವರು ಇವತ್ತೇ ಹೆಸರು ಹಾಕಿ, ಊಟದ ಬುತ್ತಿ ನೀವೇ ತನ್ನಿ.