ಮಕ್ಕಳ ಸ್ವಭಾವ ಮತ್ತು ಉದ್ಯೋಗದ ಆಯ್ಕೆ

(ಬೆಳೆಗಾರ ಸದಸ್ಯರ ಮೇಳಾವದಲ್ಲಿ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಮಾಡಿದ ಭಾಷಣ)



ಸವಳು ಹತ್ತಿದ ಹೊಲಕ್ಕೆ ಯಾವ ತಳಿ ಹಾಕಬೇಕೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಫುಲೆ 265 ತಡೆದುಕೊಳ್ಳುತ್ತದೆ, ಅದನ್ನೇ ಹಾಕುತ್ತೀರಿ. ಬಾಜೂ ಹೊಲದವರು 86032 ಹಚ್ಚಿದರೆಂದು ನೀವೂ ಹಚ್ಚುವುದಿಲ್ಲ. ಆದರೆ ಮಗ ಹತ್ತನೆಯ ಇಯತ್ತೆ ಪಾಸಾದ ದಿವಸ ನಾವು ಮಾಡುವುದೇನು? ಗೌಡರ ಮಗ ವಿಜ್ಞಾನ ಶಾಖೆಗೆ ಹೋದ, ನಮ್ಮವನೂ ಹೋಗಲಿ ಎನ್ನುತ್ತೇವೆ. ಇಲ್ಲವಾದರೆ, ಶೇರು ನಮ್ಮದಿದೆ, ಕಾರಖಾನೆಯಲ್ಲಿ ಎಲ್ಲಿಯಾದರೂ ಹಚ್ಚಿರಿ ಎಂದು ಸಂಚಾಲಕರ ಬಾಗಿಲಿಗೆ ಹೋಗುತ್ತೇವೆ. ಇಲ್ಲಿ ಕುಳಿತ ಸಂಚಾಲಕರು ನಗುತ್ತಿದ್ದಾರೆ. ಅವರ ಕಷ್ಟ ಅವರಿಗೇ ಗೊತ್ತು.

ಜಾನ್ ಹಾಲಂಡ್ ಎಂಬವರು ಅಮೇರಿಕೆಯ ಮನಃಶಾಸ್ತ್ರಜ್ಞರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಸೈನ್ಯದಲ್ಲಿದ್ದರು. ಭರ್ತಿಯಾಗಲು ಬಂದವರನ್ನು ಹಿಂದೆ ಏನೇನು ಕೆಲಸ ಮಾಡಿದ್ದೀರೆಂದು ಕೇಳುವುದು ಅವರ ಕೆಲಸವಾಗಿತ್ತು. ಕೇಳುತ್ತ ಹೋದಂತೆ, ಜನರ ಉದ್ಯೋಗದ ಕಥೆಗಳು ಕೆಲವೇ ಬಗೆಗಳಲ್ಲಿ ಕೂಡುತ್ತವೆ ಎಂದು ಅವರಿಗೆ ಹೊಳೆಯಿತು. 1959ರಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದರು. ಮನುಷ್ಯರ ಸ್ವಭಾವ ಆರು ಬಗೆ, ಕೆಲಸಗಳೂ ಅದೇ ಆರು ಬಗೆ, ಎರಡೂ ಹೊಂದಿದರೆ ಮನುಷ್ಯ ಕೆಲಸದಲ್ಲಿ ನಿಲ್ಲುತ್ತಾನೆ ಎಂಬುದು ಅದರ ಸಾರ.

ಈ ಬಗೆಗಳನ್ನು ನೋಡಲು ಅಮೇರಿಕೆಗೆ ಹೋಗಬೇಕಿಲ್ಲ, ನಮ್ಮ ಕಾರಖಾನೆಯ ಗೇಟಿನೊಳಗೆ ಬಂದರೆ ಸಾಕು. ಮಿಲ್ಲಿನ ಸಪ್ಪಳ ಕೇಳಿಯೇ ಬೇರಿಂಗು ಕೆಟ್ಟಿದೆ ಎನ್ನುವ ಫಿಟರ್ ಇದ್ದಾನಲ್ಲ, ಅವನು ಕೈಕೆಲಸದ ಸ್ವಭಾವದವನು. ಪ್ರಯೋಗಶಾಲೆಯಲ್ಲಿ ರಸದ ಬ್ರಿಕ್ಸ್ ನೋಡಿ, ನಿನ್ನೆಗಿಂತ ಇಂದು ಯಾಕೆ ಕಡಿಮೆ ಬಂತೆಂದು ಊಟ ಮರೆಯುವವನು ಶೋಧಕ. ಕಾಟಾದ ಮೇಲೆ ಟನ್ನು, ಕಿಲೋ ತಪ್ಪದೆ ಬರೆಯುವ ಕಾರಕೂನನದು ಕ್ರಮ ಮತ್ತು ಲೆಕ್ಕದ ಸ್ವಭಾವ. ಶೇತಕಿ ವಿಭಾಗದವರಲ್ಲಿ ಕೆಲವರು ಹೊಲಕ್ಕೆ ಬಂದರೆ ನಿಮ್ಮ ಮನೆಯ ಸುಖದುಃಖವನ್ನೂ ಕೇಳಿ ಹೋಗುತ್ತಾರೆ, ಅವರು ಜನರೊಂದಿಗೆ ಬೆರೆಯುವವರು. ನಾಲ್ಕು ಜನರನ್ನು ಒಪ್ಪಿಸಿ ಕೆಲಸ ತೆಗೆಯುವ ಮುಂದಾಳುಗಳನ್ನು ನಾನು ತೋರಿಸಬೇಕಿಲ್ಲ, ವೇದಿಕೆಯ ಮೇಲೆಯೇ ಇದ್ದಾರೆ. ಆರನೆಯದು ಕಲೆಯ ಸ್ವಭಾವ. ಕಾರಖಾನೆಯಲ್ಲಿ ಅದಕ್ಕೆ ಜಾಗ ಕಡಿಮೆ, ಭಜನಾ ಮೇಳದಲ್ಲಿ ಸಿಗುತ್ತಾರೆ.

ಇನ್ನು ಪ್ಯಾನ್‌ಮನ್ ಯಾವ ಬಗೆಯವನು? ಗಾಜಿನ ಮೇಲೆ ಒಂದಿಷ್ಟು ಪಾಕ ತೆಗೆದು ಬೆಳಕಿಗೆ ಹಿಡಿದು ಹರಳು ನೋಡುತ್ತಾನೆ. ಅವನದು ಕೈಯೂ ಹೌದು, ಶೋಧವೂ ಹೌದು. ಯಾರೂ ಒಂದೇ ಬಗೆಯವರಿರುವುದಿಲ್ಲ. ಎದ್ದು ಕಾಣುವ ಮೂರನ್ನು ಕೂಡಿಸಿ ನೋಡಬೇಕೆಂದು ಹಾಲಂಡರೇ ಹೇಳಿದ್ದಾರೆ. ಇದನ್ನು ಜಾತಕವೆಂದು ತಿಳಿದು ಮಗುವಿನ ಹಣೆಗೆ ಹಚ್ಚಬೇಡಿರಿ.

ಮಹಾರಾಷ್ಟ್ರದಲ್ಲಿ 2016ರಲ್ಲಿ ಹತ್ತನೆಯ ಮಕ್ಕಳಿಗೆ 'ಕಲ್ ಚಾಚಣಿ' ಎಂಬ ಒಲವಿನ ಪರೀಕ್ಷೆ ನಡೆಯಿತು. ಅಂಥ ಕಾಗದ ಮನೆಯಲ್ಲಿದ್ದರೆ ತೆಗೆದು ನೋಡಿರಿ, ಆದರೆ ಅದೊಂದರ ಮೇಲೆಯೇ ನಿಲ್ಲಬೇಡಿರಿ. ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಮುಂದೆ ಮರಾಠಿ ಅಥವಾ ಇಂಗ್ಲಿಷ್ ವರ್ಗದಲ್ಲಿ ಕುಳಿತಾಗ ಬಾಯಿ ಕಟ್ಟುತ್ತದೆ. ಮಾಸ್ತರರು 'ಹುಡುಗ ಮುಖೇಡಿ' ಎನ್ನುತ್ತಾರೆ, ನಾವೂ ನಂಬುತ್ತೇವೆ. ಅದು ಭಾಷೆಯ ಅಂಜಿಕೆ, ಸ್ವಭಾವವಲ್ಲ. ಅದೇ ಹುಡುಗ ಬಸವ ಜಯಂತಿಗೆ ಊರೆಲ್ಲ ತಿರುಗಿ ಪಟ್ಟಿ ಎತ್ತಿ, ಲೆಕ್ಕ ಒಪ್ಪಿಸಿರುತ್ತಾನೆ. ಯಾರೂ ಹೇಳದೆ ಅವನು ಮಾಡುವ ಕೆಲಸವನ್ನು ನೋಡಿರಿ. ಪಂಪ್‌ಸೆಟ್ ಬಿಚ್ಚಿ ಜೋಡಿಸುವವನಿಗೆ ಐ.ಟಿ.ಐ. ಇದೆ, ಫಿಟರ್ ಕಲಿಯಲು ಎರಡು ವರ್ಷ. ರಸಾಯನಶಾಸ್ತ್ರ ಪ್ರೀತಿಸುವವನಿಗೆ ಪುಣೆಯ ಹತ್ತಿರ ಮಾಂಜರಿಯಲ್ಲಿ, 1975ರಿಂದ ನಡೆದಿರುವ ಸಕ್ಕರೆ ಸಂಸ್ಥೆಯೇ ಇದೆ. ಹೆಣ್ಣುಮಕ್ಕಳಿಗೂ ಇದೇ ಮಾತು.

ಈ ವಿಷಯ ಮಾತಾಡಲು ನಾನು ಒಪ್ಪಿದ್ದಕ್ಕೆ ಕಾರಣ ಬೇರೆ. ನನ್ನ ಒಬ್ಬ ವಿದ್ಯಾರ್ಥಿಗೆ ಡಿ.ಎಡ್. ಮಾಡೆಂದು ನಾನೇ ಹೇಳಿದ್ದೆ. ಬುದ್ಧಿವಂತ, ಗುಣವಂತ, ನೌಕರಿಯೂ ಭದ್ರ ಎಂದು ನನ್ನ ಲೆಕ್ಕ. ಕಳೆದ ಹಂಗಾಮಿನಲ್ಲಿ ಕಾಟಾದ ಸಾಲಿನಲ್ಲಿ ಟ್ರ್ಯಾಕ್ಟರಿನಿಂದ ಇಳಿದು ಬಂದು ಕಾಲು ಮುಟ್ಟಿದ. "ಇಪ್ಪತ್ತು ವರ್ಷ ಆತ್ರೀ ಸರ, ಇವತ್ತಿಗೂ ಶಾಲಿ ಗಂಟಿ ಕೇಳಿದ್ರ ಹೊಟ್ಟಿ ತೊಳಸತೈತಿ" ಎಂದ. ಅವನ ಕಿಸೆಯಲ್ಲಿ ಒಂದು ವಹಿ ಇತ್ತು. ಯಾವ ಸಾಲಿಗೆ ಯಾವ ದಿವಸ ಬೀಜ, ಎಷ್ಟು ಮರಿ ಒಡೆದವು, ಎಂದು ನೀರು, ಎಲ್ಲ ಬರೆದಿದ್ದ. ಬೈದು ಹೇಳಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಹತ್ತನೆಯಲ್ಲಿದ್ದಾಗಲೂ ಶಾಲೆಯ ತೋಟದಲ್ಲಿ ಅಂಥದೇ ವಹಿ ಇಟ್ಟಿದ್ದ. ನಾನು ಅದಕ್ಕೆ ಹತ್ತರಲ್ಲಿ ಒಂಬತ್ತು ಅಂಕ ಹಾಕಿ ಮರೆತಿದ್ದೆ.

ಈ ವರ್ಷ ಅವನ ಮಗಳು ಹತ್ತನೆಯಲ್ಲಿದ್ದಾಳೆ. ಯಾವ ಶಾಖೆಗೆ ಹಾಕಲಿ ಸರ ಎಂದು ಕೇಳಿದ. ಸುಟಿಯ ದಿವಸ ಮನೆಯಲ್ಲಿ ಏನು ಮಾಡುತ್ತಾಳಪ್ಪ ಎಂದೆ. ಅವನಿಗೆ ಹೇಳಲು ಬರಲಿಲ್ಲ. ನೋಡಿ ಬಂದು ಹೇಳತೇನ್ರಿ ಎಂದು ಗಾಡಿ ಹತ್ತಿದ. ಇನ್ನೂ ಬಂದಿಲ್ಲ, ದಾರಿ ನೋಡುತ್ತಿದ್ದೇನೆ.