ಮಸೂದೆಯು ಶಾಸನವಾಗುವ ಬಗೆ
(ಮೈಸೂರು ನಗರದಲ್ಲಿ ಮಾಡಿದ ಭಾಷಣ)



ಸಭೆಗಳ ನಿರ್ಣಯಗಳಿಂದಲೇ ಏಕೀಕರಣವಾಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ನಿರ್ಣಯವು ಜನರ ಇಚ್ಛೆಯನ್ನು ಸಾರೀತು. ಗಡಿಯನ್ನು ಹಾಕಬಲ್ಲುದು ಶಾಸನವೊಂದೇ. ಈ ಅಂತರವನ್ನು ಮೈಸೂರಿನವರು ಬಲ್ಲರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಇಲ್ಲಿ ನೆರೆದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿದ್ದಿತೇ ಹೊರತು ಶಾಸನ ಮಾಡುವ ಅಧಿಕಾರವಿರಲಿಲ್ಲ.

ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ಅದು ಬರಿಯ ಸಲಹೆ. ಸಂವಿಧಾನದ 3ನೆಯ ವಿಧಿಯಂತೆ, ರಾಜ್ಯಗಳ ಎಲ್ಲೆಯನ್ನು ಬದಲಿಸುವ ಮಸೂದೆಗೆ ರಾಷ್ಟ್ರಪತಿಗಳ ಶಿಫಾರಸು ಬೇಕು; ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನೂ ಕೇಳಬೇಕು. ಕೇಳಬೇಕೆಂಬುದುಂಟು, ಕೇಳಿದಂತೆ ನಡೆಯಬೇಕೆಂಬುದಿಲ್ಲ.

1956ರ ಏಪ್ರಿಲ್ 18ರಂದು ರಾಜ್ಯ ಪುನರ್ವಿಂಗಡಣೆಯ ಮಸೂದೆಯು ಲೋಕಸಭೆಯಲ್ಲಿ ಮಂಡಿತವಾಯಿತು. ಮಂಡನೆಯೇ ಮೊದಲನೆಯ ವಾಚನ. ತತ್ತ್ವವನ್ನು ಚರ್ಚಿಸಿ, ಸಮಿತಿಗೊಪ್ಪಿಸಿ, ಬಳಿಕ ಒಂದೊಂದು ಕಲಮನ್ನೂ ಶೋಧಿಸುವುದು ಎರಡನೆಯದು. ಇಡಿಯ ಮಸೂದೆಗೆ ಒಪ್ಪಿಗೆ ಪಡೆಯುವುದು ಮೂರನೆಯದು. ಅನಂತರ ರಾಜ್ಯಸಭೆ, ಕಡೆಗೆ ರಾಷ್ಟ್ರಪತಿಗಳ ಅಂಕಿತ. ಉಭಯ ಸದನಗಳ ಸಂಯುಕ್ತ ಸಮಿತಿಯು ಜುಲೈ 16ರಂದು ವರದಿಯಿತ್ತಿತು. ಆಗಸ್ಟ್ 31ರಂದು ಅಂಕಿತ ಬಿದ್ದಿತು. ಆ ವರ್ಷದ 37ನೆಯ ಶಾಸನವಾಗಿ ನವೆಂಬರ್ 1ರಂದು ಜಾರಿಗೆ ಬಂದಿತು.

ಕಲಮುಗಳ ಶೋಧನೆಯೇ ಇದರ ಮರ್ಮಸ್ಥಾನ. ಮುಂಬಯಿ ರಾಜ್ಯವನ್ನು ಮೂರು ಭಾಗ ಮಾಡಲು ಹೊರಟ ಮಸೂದೆಯು ಅದನ್ನು ಒಂದೇ ದ್ವಿಭಾಷಾ ರಾಜ್ಯವನ್ನಾಗಿ ಮಾಡಿ ಹೊರಬಂದಿತು. ಈ ಮಾರ್ಪಾಟಿಗಾಗಿ ರಾಜ್ಯದ ಸಭೆಯನ್ನು ಮರಳಿ ಕೇಳಬೇಕಾಗಿರಲಿಲ್ಲವೆಂದು ಸುಪ್ರೀಂ ಕೋರ್ಟು 1959ರಲ್ಲಿ ತೀರ್ಪಿತ್ತಿತು. ನಮಗೆ ದಕ್ಷಿಣ ಕನ್ನಡವನ್ನು ಸೇರಿಸಿದ ಕಲಮೇ ಕಾಸರಗೋಡು ತಾಲ್ಲೂಕನ್ನು ಹೊರಗಿಟ್ಟಿತು. ಚಂದ್ರಗಿರಿ ಹೊಳೆಯ ಉತ್ತರಭಾಗವು ಮೈಸೂರಿಗೆ ಸೇರತಕ್ಕುದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ಆದರೆ ಆ ಸಲಹೆಯು ಶಾಸನವಾಗಲಿಲ್ಲ, ಆದುದರಿಂದ ಎಲ್ಲೆಯೂ ಕದಲಲಿಲ್ಲ. ನಮ್ಮ ನಾಡಿಗೆ 1973ರ ನವೆಂಬರ್ 1ರಂದು ಬಂದ ಕರ್ನಾಟಕವೆಂಬ ಹೆಸರು ಸಹ ಸಂಸತ್ತಿನ ಶಾಸನದಿಂದಲೇ ಬಂದುದು.

ಆದುದರಿಂದ ಮಹನೀಯರೆ, ಅಭಿಮಾನದೊಡನೆ ಅರಿವೂ ಇರಲಿ. ಮಸೂದೆಯು ಪ್ರಕಟವಾದೊಡನೆ ಅದನ್ನು ತರಿಸಿ ಓದಿರಿ; ಅದು ಸಮಿತಿಯ ಮುಂದಿರುವಾಗಲೇ ನಿಮ್ಮ ಪ್ರತಿನಿಧಿಗೆ ಕಾಗದ ಬರೆಯಿರಿ. ಅಂಕಿತ ಬಿದ್ದ ಮೇಲೆ ಮಾಡುವ ಹರತಾಳಕ್ಕಿಂತ, ಕಲಮು ತಿದ್ದುವ ಹೊತ್ತಿನಲ್ಲಿ ಕಳುಹಿಸಿದ ಒಂದು ಮನವಿಗೆ ತೂಕ ಹೆಚ್ಚು. ಉಪಾಧ್ಯಾಯರು ಮಕ್ಕಳಿಗೆ ನಾಡಿನ ನಕ್ಷೆಯನ್ನು ತೋರಿಸುವಾಗ, ಆ ಗೆರೆಯನ್ನು ಎಳೆದ ಶಾಸನವನ್ನೂ ಓದಿಸಲಿ.