ಸಮುದ್ರದ ಎಣ್ಣೆಬಾವಿಯೂ ನಾವು ಹಾಕುವ ಸಹಿಯೂ

(ಮುಂಬಯಿಯಲ್ಲಿ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಹಲಗೆಯ ಮೇಲೆ ಓದಿ ಕೆಲವರು ನಕ್ಕರು. "ದೋಸೆಕಾವಲಿ ಮುಂದೆ ನಿಂತವನಿಗೆ ಸಮುದ್ರದ ಎಣ್ಣೆಬಾವಿಯ ಉಸಾಬರಿ ಯಾಕಪ್ಪಾ?" ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಕಳೆದ ತಿಂಗಳು ನಮ್ಮ ಸಂಘದ ಹುಡುಗನೊಬ್ಬ ನನ್ನ ಹತ್ತಿರ ಬಂದ. ಮೂರು ವರ್ಷ ಹೋಟೆಲಿನಲ್ಲಿ ದುಡಿದು, ಈಗ ಕಡಲಿನ ಎಣ್ಣೆ ಕೆಲಸದವರಿಗೆ ಅಡಿಗೆ ಮಾಡಿಹಾಕುವ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೇರಿದ್ದಾನೆ. ಕೈಯಲ್ಲಿ ಒಂದು ಫಾರಂ ಇತ್ತು. 'ಬೆಂಕಿ ಬಿದ್ದರೆ ಏನು ಮಾಡಬೇಕು, ಜೀವರಕ್ಷಕ ದೋಣಿಯನ್ನು ಹೇಗೆ ಹತ್ತಬೇಕು ಎಂಬ ತರಬೇತಿ ಪಡೆದಿದ್ದೇನೆ' ಎಂದು ಅದರಲ್ಲಿ ಅಚ್ಚಾಗಿತ್ತು. ತರಬೇತಿ ಆಗಿರಲಿಲ್ಲ. "ಅಣ್ಣಾ, ಸಹಿ ಹಾಕಲೋ ಬೇಡವೋ? ಹಾಕದಿದ್ದರೆ ಕೆಲಸ ಇಲ್ಲ ಅಂತಾರೆ" ಎಂದ.

ನಾನು ಓದಿದ್ದು ಏಳನೇ ಕ್ಲಾಸು. ಕೂಡಲೇ ಉತ್ತರ ಹೇಳಲು ಬರಲಿಲ್ಲ. ನಮ್ಮ ವಾಚನಾಲಯದ ಮಾಸ್ತರರನ್ನು ಹಿಡಿದು, ಇಂಥ ಫಾರಂ ಯಾಕೆ ಹುಟ್ಟಿತು, ಅದನ್ನು ಯಾರು ಓದುತ್ತಾರೆ ಎಂದು ಇಂಗ್ಲಿಷ್ ವರದಿಗಳನ್ನು ಓದಿಸಿ ಅರ್ಥ ಕೇಳಿಕೊಂಡೆ. ಹಾಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಸಮುದ್ರದೊಳಗೆ ಉಕ್ಕಿನ ಕಾಲು ಊರಿ ಮೇಲೆ ಅಟ್ಟ ಕಟ್ಟುತ್ತಾರೆ. ಅದಕ್ಕೆ ಪ್ಲಾಟ್‌ಫಾರಂ ಎನ್ನುತ್ತಾರೆ. ರೈಲು ನಿಲ್ಲುವ ಪ್ಲಾಟ್‌ಫಾರಂ ಅಲ್ಲ. ಇಲ್ಲಿಂದ ಇಳಿದು ಮನೆಗೆ ಹೋಗಲು ದಾರಿಯಿಲ್ಲ. ಕೆಳಗೆ ನೀರು, ಬಾವಿಯೊಳಗೆ ಉರಿಯುವ ಗ್ಯಾಸು. ಅಲ್ಲಿ ಏನು ನಡೆಯುತ್ತಿದೆ ಎಂದು ದಡದಲ್ಲಿರುವ ಸರಕಾರಕ್ಕೆ ಕಾಣುವುದಿಲ್ಲ. ಆದ್ದರಿಂದ 'ಬರೆದು ಕೊಡಿ' ಎನ್ನುತ್ತದೆ. ಈ ಬರೆಸಿಕೊಳ್ಳುವ ವ್ಯವಸ್ಥೆ ಹೆಚ್ಚು ವಿವರವಾಗಿ ಬೆಳೆದಿರುವ ದೇಶಗಳಲ್ಲಿ ಅಮೆರಿಕ ಒಂದು.

ಅಲ್ಲಿ ಬಾವಿ ಕೊರೆಯುವ ಮೊದಲು ಕಂಪೆನಿ ಅರ್ಜಿ ಹಾಕಬೇಕು. ಯೋಜನೆ ಬದಲಾದರೆ ಮತ್ತೊಂದು ಅರ್ಜಿ. ಕೊರೆಯುತ್ತಿರುವಾಗ ಬಾವಿಯ ಕೆಲಸದ ವರದಿ. ಎಣ್ಣೆ ಸೋರಿದರೆ ಏನು ಮಾಡುತ್ತೇವೆ ಎಂಬ ಯೋಜನೆ ಬೇರೆ. ಯಾರಾದರೂ ಸತ್ತರೆ, ಬೆಂಕಿ ಬಿದ್ದರೆ, ಬಾವಿ ಹತೋಟಿ ತಪ್ಪಿದರೆ, ಗಾಯವಾದವನನ್ನು ದಡಕ್ಕಾಗಲಿ ಇನ್ನೊಂದು ಪ್ಲಾಟ್‌ಫಾರಂಗಾಗಲಿ ಸಾಗಿಸಬೇಕಾಗಿ ಬಂದರೆ, ಕೂಡಲೇ ಬಾಯಿಮಾತಿನಲ್ಲಿ ತಿಳಿಸಬೇಕು. 15 ದಿನದೊಳಗೆ ಬರೆದು ಕೊಡಬೇಕು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಸರಕಾರ ಮನಸ್ಸಿಗೆ ಬಂದಂತೆ ಫಾರಂ ಹಂಚಬಾರದೆಂದು 1980ರಲ್ಲಿ ಅಲ್ಲಿ ಒಂದು ಕಾನೂನು ಮಾಡಿದರು. 1995ರಲ್ಲಿ ಅದನ್ನು ತಿದ್ದಿ ಬಿಗಿಗೊಳಿಸಿದರು. ಯಾವ ಇಲಾಖೆಯಾದರೂ ಹತ್ತು ಮಂದಿಗಿಂತ ಕಡಿಮೆಯಿಲ್ಲದಷ್ಟು ಜನರಿಂದ ಮಾಹಿತಿ ಕೇಳುವುದಾದರೆ, ಮೊದಲು ಗೆಜೆಟ್ಟಿನಲ್ಲಿ ಪ್ರಕಟಿಸಿ 60 ದಿನ ಜನರ ಅಭಿಪ್ರಾಯ ಕೇಳಬೇಕು. ಆಮೇಲೆ ಇನ್ನೂ 30 ದಿನ. ಈ ಮಾಹಿತಿ ನಿಜವಾಗಿ ಬೇಕೇ? ತುಂಬಲು ಎಷ್ಟು ಗಂಟೆ ಹಿಡಿಯುತ್ತದೆ? ಹೊರೆ ತಗ್ಗಿಸಲು ದಾರಿಯಿದೆಯೇ? ಇವಕ್ಕೆ ಇಲಾಖೆ ಉತ್ತರ ಕೊಡಬೇಕು. ಒಪ್ಪಿಗೆಯಾದರೆ ಫಾರಂಗೆ ಒಂದು ಸಂಖ್ಯೆ ಬೀಳುತ್ತದೆ. ಹೆಚ್ಚೆಂದರೆ ಮೂರು ವರ್ಷ ಅದರ ಆಯುಸ್ಸು. ಸಂಖ್ಯೆಯಿಲ್ಲದ ಫಾರಂ ತುಂಬಲಿಲ್ಲವೆಂದು ಯಾರಿಗೂ ದಂಡ ಹಾಕುವಂತಿಲ್ಲ.

ಒಳ್ಳೆಯ ಕಾನೂನೇ. ಬೇಡದ ಫಾರಂ ಯಾರಿಗೆ ಬೇಕು? ನೂರು ಕಾಗದ ಮುಂದಿಟ್ಟರೆ ನೂರಕ್ಕೂ ಓದದೆ ಸಹಿ ಹಾಕುತ್ತೇವೆ. ಆದರೆ ಬಂಧುಗಳೇ, ಆ ಲೆಕ್ಕದಲ್ಲಿ ಫಾರಂ ತುಂಬುವವನ ಗಂಟೆಗಳನ್ನು ಎಣಿಸುತ್ತಾರೆ. ತುಂಬಿದ ಫಾರಂ ಸುಳ್ಳಾದರೆ ಹೋಗುವ ಪ್ರಾಣಗಳನ್ನು ಯಾವ ಖಾನೆಯಲ್ಲಿ ಬರೆಯುವುದು?

2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಝನ್ ಎಂಬ ಕೊರೆಯುವ ಹಡಗಟ್ಟ ಸಿಡಿಯಿತು. ಮೇಲೆ 126 ಮಂದಿ ಇದ್ದರು. 11 ಮಂದಿ ಸತ್ತರು. ಬಾವಿಯ ಬಾಯಿ ಮುಚ್ಚಲು 87 ದಿನ ಹಿಡಿಯಿತು. ಅದೇ ದಿನ ದೊಡ್ಡ ಅಧಿಕಾರಿಗಳು ಹಡಗಟ್ಟಕ್ಕೆ ಬಂದಿದ್ದರು. ಏಳು ವರ್ಷದಿಂದ ಒಬ್ಬನಿಗೂ ಕೆಲಸ ತಪ್ಪುವಂಥ ಗಾಯವಾಗಿಲ್ಲವೆಂದು ಹೊಗಳುವುದೂ ಆ ಭೇಟಿಯ ಒಂದು ಕಾರಣ. ಕಾಗದದ ಮೇಲೆ ಅದು ಬಹಳ ಒಳ್ಳೆಯ ಹಡಗು!

ಆ ಬಾವಿ ಬಿ.ಪಿ. ಕಂಪೆನಿಯದು. ಎಣ್ಣೆ ಸೋರಿದರೆ ಏನು ಮಾಡುತ್ತೇವೆಂದು ಕಂಪೆನಿ ಸರಕಾರಕ್ಕೆ ಕೊಟ್ಟ ದಪ್ಪ ಯೋಜನೆಯನ್ನು ಆಮೇಲೆ ತೆಗೆದು ನೋಡಿದರು. ಕಾಪಾಡಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್ ಎಂಬ ಹೆಸರಿತ್ತು. ಉದ್ದ ದಾಡೆಯ ಆ ಪ್ರಾಣಿ ಇರುವುದು ಉತ್ತರದ ಹಿಮದ ಕಡಲಿನಲ್ಲಿ. ಮೆಕ್ಸಿಕೋ ಕೊಲ್ಲಿಯ ಬಿಸಿನೀರಿನಲ್ಲಿ ಅದನ್ನು ಕಂಡವರಿಲ್ಲ. ಸಲಹೆ ಕೇಳಬೇಕಾದ ಪಂಡಿತರ ಪಟ್ಟಿಯಲ್ಲಿ 2005ರಲ್ಲೇ ತೀರಿಕೊಂಡವರ ಹೆಸರಿತ್ತು, ಯೋಜನೆ 2009ರದು. 2010ರ ಜೂನಿನಲ್ಲಿ ಅಮೆರಿಕದ ಪಾರ್ಲಿಮೆಂಟಿನ ಸಮಿತಿ ಬೇರೆ ದೊಡ್ಡ ಕಂಪೆನಿಗಳ ಯೋಜನೆಗಳನ್ನೂ ಬಿಚ್ಚಿತು. ಹೆಚ್ಚುಕಡಿಮೆ ಒಂದೇ ಅಚ್ಚು. ಬೇರೆ ಕೆಲವರ ಕಾಗದದಲ್ಲೂ ವಾಲ್ರಸ್! ಒಬ್ಬರು ಬರೆದರು, ಉಳಿದವರು ನಕಲು ಹೊಡೆದರು, ಸರಕಾರ ಮುದ್ರೆ ಒತ್ತಿತು. ಬರೆದವನೂ ಓದಲಿಲ್ಲ, ತೆಗೆದುಕೊಂಡವನೂ ಓದಲಿಲ್ಲ.

ತಪಾಸಣೆಯ ಕಾಗದದ ಕತೆ ಕೇಳಿ. ಆಗ ಮಿನರಲ್ಸ್ ಮ್ಯಾನೇಜ್‌ಮೆಂಟ್ ಸರ್ವಿಸ್ ಎಂಬ ಇಲಾಖೆ ಇತ್ತು. ಅದರ ಒಂದು ಕಚೇರಿಯ ಇನ್ಸ್‌ಪೆಕ್ಟರರ ಮೇಲೆ ನಡೆದ ವಿಚಾರಣೆಯ ವರದಿ 2010ರ ಮೇ ತಿಂಗಳಲ್ಲಿ ಹೊರಬಿತ್ತು. ಕಂಪೆನಿಗಳಿಂದ ಆಟದ ಟಿಕೆಟು, ಬೇಟೆ ವಿಹಾರ ಪಡೆದದ್ದು ಅದರಲ್ಲಿ ಬಯಲಾಯಿತು. ಹೆಸರು ಹೇಳದ ಒಬ್ಬ ಸಾಕ್ಷಿ ಮತ್ತೊಂದು ದೂರು ಹೇಳಿದ: ತಪಾಸಣೆಯ ಫಾರಮನ್ನು ಕಂಪೆನಿಯವರೇ ಪೆನ್ಸಿಲಿನಲ್ಲಿ ತುಂಬುತ್ತಿದ್ದರು, ಇನ್ಸ್‌ಪೆಕ್ಟರು ಅದರ ಮೇಲೆ ಶಾಯಿ ತಿದ್ದುತ್ತಿದ್ದ ಎಂದು. 500ಕ್ಕೂ ಹೆಚ್ಚು ಕಡತ ಜಾಲಾಡಿದರು. ಕೆಲವದರಲ್ಲಿ ಪೆನ್ಸಿಲೂ ಶಾಯಿಯೂ ಕಂಡವು. ಮೋಸ ನಡೆದಿದೆಯೆಂದು ಖಚಿತವಾಗಿ ಹೇಳಲಾಗಲಿಲ್ಲ. ನ್ಯಾಯವಾಗಿ ಅಷ್ಟೇ ಹೇಳಬೇಕು.

ಆ ದೂರನ್ನು ಕೇಳಿದಾಗ ನನ್ನ ಕೈಯೇ ನನಗೆ ನೆನಪಾಯಿತು. ಒಂದು ಹೋಟೆಲಿನಲ್ಲಿ ನಾನು ಸಪ್ಲಾಯರ್ ಆಗಿದ್ದಾಗ, ಸಾಂಬಾರಿನ ಹಂಡೆ ಜಾರಿ ಕ್ಲೀನರ್ ಹುಡುಗನ ಎರಡೂ ಪಾದ ಬೆಂದವು. ಮರುದಿನ ಯಜಮಾನರು ಒಂದು ಕಾಗದ ಮುಂದಿಟ್ಟರು. 'ಹುಡುಗ ಆ ದಿನ ರಜೆಯಲ್ಲಿದ್ದ' ಎಂದು ಬರೆದಿತ್ತು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಊರಿಗೆ ಹಣ ಕಳಿಸುವ ದಿನ ಹತ್ತಿರವಿತ್ತು. ಹುಡುಗ ಕುಂಟುತ್ತಾ ಊರಿಗೆ ಹೋದ. ಪರಿಹಾರವೆಂದು ಒಂದು ಕಾಸೂ ಸಿಗಲಿಲ್ಲ. ಪೆನ್ಸಿಲು ಯಜಮಾನರದು, ಶಾಯಿ ನನ್ನದು. ಇದನ್ನು ಈ ವೇದಿಕೆಯಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಇನ್ನು, ಫಾರಂ ಕೇಳದೆ ಬಿಟ್ಟ ಪ್ರಶ್ನೆ. ಆ ರಾತ್ರಿ ಬಾವಿ ಭದ್ರವಾಗಿ ಮುಚ್ಚಿದೆಯೋ ಇಲ್ಲವೋ ಎಂದು ಒತ್ತಡದ ಪರೀಕ್ಷೆ ಮಾಡಿದ್ದರು. ಬಂದ ಫಲವನ್ನು ತಪ್ಪಾಗಿ ಓದಿಕೊಂಡರು. ಆ ಪರೀಕ್ಷೆ ಮಾಡಲೇಬೇಕೆಂದಾಗಲಿ, ಹೀಗೇ ಮಾಡಬೇಕೆಂದಾಗಲಿ ಸರಕಾರದ ನಿಯಮ ಆಗ ಇರಲಿಲ್ಲ. ಹನ್ನೊಂದು ಮಂದಿ ಸತ್ತ ಮೇಲೆ, 2010ರ ಅಕ್ಟೋಬರಿನಲ್ಲಿ ಆ ನಿಯಮ ಬಂತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಸತ್ತವರು ಯಾರು? ಹನ್ನೊಂದು ಮಂದಿಯಲ್ಲಿ ಒಬ್ಬನೂ ಬಾವಿಯ ಒಡೆಯ ಕಂಪೆನಿಯ ನೌಕರನಲ್ಲ. ಒಂಬತ್ತು ಮಂದಿ ಹಡಗಟ್ಟದ ಮಾಲಿಕ ಟ್ರಾನ್ಸ್‌ಓಶನ್ ಕಂಪೆನಿಯವರು, ಇಬ್ಬರು ಇನ್ನೊಂದು ಗುತ್ತಿಗೆ ಕಂಪೆನಿಯವರು. ಬಾವಿಯ ಯೋಜನೆ ಬರೆದು ಸರಕಾರಕ್ಕೆ ಕೊಟ್ಟವರು ಒಬ್ಬರು, ಬೆಂಕಿಯ ಬಾಯಲ್ಲಿ ನಿಂತವರು ಬೇರೆಯವರು. ಗುತ್ತಿಗೆಯ ಸಂಬಳ ತಿನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹಳೆಯ ಇಲಾಖೆಯ ರೋಗ ಇನ್ನೊಂದು. ಎಣ್ಣೆಯ ಮೇಲಿನ ರಾಜಧನ ವಸೂಲು ಮಾಡುವವರೂ ಅವರೇ, ಸುರಕ್ಷತೆ ನೋಡುವವರೂ ಅವರೇ. ಗಲ್ಲೆಯ ಮೇಲೆ ಕೂತವನಿಗೇ ಅಡಿಗೆಮನೆಯ ತಪಾಸಣೆಯನ್ನೂ ವಹಿಸಿದಂತೆ. ಗಿರಾಕಿ ಕಾದಿರುವಾಗ ಒಲೆ ಆರಿಸೆಂದು ಅವನು ಹೇಳುವನೇ? ದುರಂತದ ಮೇಲೆ ಆ ಇಲಾಖೆಯನ್ನು ಒಡೆದರು. 2010ರಲ್ಲಿ ವಸೂಲಿಯನ್ನು ಬೇರೆ ಮಾಡಿದರು. 2011ರ ಅಕ್ಟೋಬರಿನಲ್ಲಿ ಗುತ್ತಿಗೆ ಕೊಡುವುದಕ್ಕೆ ಒಂದು ಕಚೇರಿ, ಸುರಕ್ಷತೆಗೆ ಇನ್ನೊಂದು ಕಚೇರಿ ಎಂದು ಮಾಡಿದರು. 2013ರ ನಿಯಮದಲ್ಲಿ ಮುಖ್ಯವಾದ ಮಾತೊಂದು ಸೇರಿತು: ಅಪಾಯ ಕಂಡರೆ ಕೆಲಸ ನಿಲ್ಲಿಸೆಂದು ಹೇಳುವ ಅಧಿಕಾರ ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಇದೆ, ಸುರಕ್ಷತೆಯ ಯೋಜನೆ ಮಾಡುವಾಗ ನೌಕರರನ್ನೂ ಸೇರಿಸಿಕೊಳ್ಳಬೇಕು, ಅಪಾಯದ ಸಂಗತಿಯನ್ನು ನೌಕರನೇ ಸರಕಾರಕ್ಕೆ ತಿಳಿಸಲು ದಾರಿ ಇರಬೇಕು. ಅಂದರೆ ಮಾಹಿತಿ ಕೊಡುವ ಹಕ್ಕು ಕಂಪೆನಿಯ ಗುಮಾಸ್ತನೊಬ್ಬನದೇ ಅಲ್ಲ ಎಂದಾಯಿತು.

ಕಾಗದ ಸತ್ಯವಾಗಿದ್ದರೂ ಬೇಕಾದವನ ಕೈಗೆ ಬಾರದಿದ್ದರೆ ಏನಾಗುತ್ತದೆ? ಗಿರಣಿಯಲ್ಲಿ ಪಾಳಿ ಬದಲಿಸಿದ ಹಿರಿಯರು ಇಲ್ಲಿದ್ದೀರಿ, ನಿಮಗೆ ಬೇಗ ತಿಳಿಯುತ್ತದೆ. 1988ರ ಜುಲೈ 6ರಂದು ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ಪ್ಲಾಟ್‌ಫಾರಂ ಉರಿಯಿತು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆ ಬಿಚ್ಚಿದ್ದರು. ಅದರ ಕಾಗದವನ್ನೂ ಬರೆದಿಟ್ಟಿದ್ದರು. ಆದರೆ ವಾಲ್ವಿನ ಕಾಗದ ಒಂದು ಕೋಣೆಯಲ್ಲಿ, ಪಂಪಿನ ಕಾಗದ ಇನ್ನೊಂದು ಕೋಣೆಯಲ್ಲಿ. ರಾತ್ರಿ ಪಾಳಿಯವರಿಗೆ ವಾಲ್ವು ಇಲ್ಲದ್ದು ಗೊತ್ತಾಗಲಿಲ್ಲ. ಇನ್ನೊಂದು ಪಂಪು ನಿಂತುಹೋದಾಗ ಇದನ್ನು ಚಾಲೂ ಮಾಡಿದರು. ಗ್ಯಾಸು ಹೊರಬಂತು. 167 ಮಂದಿ ಸತ್ತರು. ಲಾರ್ಡ್ ಕಲೆನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, 106 ಶಿಫಾರಸುಗಳು. 'ನನ್ನ ಪ್ಲಾಟ್‌ಫಾರಂ ಯಾಕೆ ಸುರಕ್ಷಿತ' ಎಂದು ಕಂಪೆನಿಯೇ ಆಧಾರಸಹಿತ ಬರೆದು ಒಪ್ಪಿಸಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1992ರಲ್ಲಿ ಆಯಿತು.

ದೂರದ ಕತೆಯಾಯಿತೆನ್ನಬೇಡಿ. ನಮ್ಮ ಈ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. 2005ರ ಜುಲೈ 26ರ ಮಹಾಮಳೆ ಇಲ್ಲಿದ್ದವರು ಯಾರೂ ಮರೆತಿಲ್ಲ. ಅದರ ಮರುದಿನ, 27ರಂದು, ಮುಂಬಯಿ ಹೈಯಲ್ಲಿ ಏನಾಯಿತು? ಸಮುದ್ರ ಸುರಕ್ಷಾ ಎಂಬ ಹಡಗಿನಲ್ಲಿ ಅಡಿಗೆಯವನೊಬ್ಬನ ಎರಡು ಬೆರಳ ತುದಿ ಕತ್ತರಿಸಿಹೋಯಿತು. ಹೌದು, ಅಡಿಗೆಯವನು, ನಮ್ಮ ಕಸುಬಿನವನು. ಚಿಕಿತ್ಸೆಗೆಂದು ಅವನನ್ನು ಪ್ಲಾಟ್‌ಫಾರಂಗೆ ಏರಿಸಲು ಹಡಗು ಹತ್ತಿರ ಬಂತು. ಸಮುದ್ರ ಕೆರಳಿತ್ತು. ಹಡಗು ಬಡಿದು ಗ್ಯಾಸಿನ ಕೊಳವೆ ಒಡೆಯಿತು, ಬೆಂಕಿ ಹತ್ತಿತು. ಸುಮಾರು ಎರಡು ತಾಸಿನಲ್ಲಿ ಪ್ಲಾಟ್‌ಫಾರಂ ಕುಸಿಯಿತು. 22 ಮಂದಿ ಹೋದರು. ಕಡಲಿನ ಎಣ್ಣೆ ಕೆಲಸದ ಸುರಕ್ಷತೆಗೆಂದೇ ನಮ್ಮ ಸರಕಾರದ ನಿಯಮಗಳು ಬಂದದ್ದು 2008ರಲ್ಲಿ. ಅದರ ಮೇಲ್ವಿಚಾರಣೆ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯಕ್ಕೆ ಸೇರಿತು. 2021ರ ಮೇ ತಿಂಗಳ ಚಂಡಮಾರುತದಲ್ಲಿ ಪಿ-305 ಎಂಬ ಬಾರ್ಜು ಮುಳುಗಿ 70ಕ್ಕೂ ಹೆಚ್ಚು ಜನ ಸತ್ತದ್ದೂ ಇದೇ ಕಡಲಿನಲ್ಲಿ. ಅಲ್ಲಿದ್ದವರೂ ಗುತ್ತಿಗೆಯ ಕೆಲಸಗಾರರೇ.

ಅಮೆರಿಕದ ನಿಯಮದಲ್ಲಿ ಗಾಯಾಳುವನ್ನು ಇನ್ನೊಂದು ಪ್ಲಾಟ್‌ಫಾರಂಗೆ ಸಾಗಿಸಿದರೂ ಕೂಡಲೇ ತಿಳಿಸಬೇಕು ಎಂದೆನಲ್ಲ, ಅದನ್ನು ಕೇಳುವಾಗ 'ಇಷ್ಟು ಸಣ್ಣದಕ್ಕೂ ಕಾಗದವೇ' ಎಂದು ನನಗೂ ಅನಿಸಿತ್ತು. ಆ ಅಡಿಗೆಯವನ ಬೆರಳಿನ ಸಂಗತಿ ತಿಳಿದ ಮೇಲೆ ಹಾಗೆ ಅನಿಸಲಿಲ್ಲ. ದೊಡ್ಡ ಬೆಂಕಿ ಸಣ್ಣ ಗಾಯದ ಬೆನ್ನಿಗೂ ಬರಬಹುದು.

ಬಂಧುಗಳೇ, ಫಾರಂ ನಮ್ಮ ಶತ್ರುವಲ್ಲ. ಹೊರೆ ಕಡಿಮೆ ಮಾಡಿ ಎಂದು ಕಂಪೆನಿಗಳು ಕೇಳಿದರೆ ಕೇಳಲಿ, ಬೇಡದ್ದನ್ನು ತೆಗೆಯಲಿ. ನಾವು ಕೇಳಬೇಕಾದ್ದು ಬೇರೆ. ಅಪಾಯದ ಹತ್ತಿರ ನಿಂತವನಿಗೆ ಫಾರಂ ತೋರಿಸಬೇಕು. ಅವನ ಭಾಷೆಯಲ್ಲಿ ಓದಿ ಹೇಳಬೇಕು. ತುಂಬಿದ್ದನ್ನು ಕಚೇರಿಯಲ್ಲಿ ಯಾರಾದರೂ ನಿಜವಾಗಿ ಓದಬೇಕು. ಮಾಡದ್ದನ್ನು ಮಾಡಿದೆನೆಂದು ಬರೆಸಬಾರದು.

ಈಗ ನಮ್ಮ ಹುಡುಗನ ಪ್ರಶ್ನೆ. ಆ ಫಾರಂ ಇನ್ನೂ ಅವನ ಜೇಬಿನಲ್ಲಿದೆ. 'ಸಹಿ ಹಾಕಬೇಡ' ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ನನಗೆ ಸುಲಭ; ಕೆಲಸ ಹೋಗುವುದು ಅವನದು. ಒಂಟಿಯಾಗಿದ್ದಾಗ ನಾನೇ ಸಹಿ ಹಾಕಿದವನು. ಅದಕ್ಕೇ ಅವನನ್ನು ಒಂಟಿಯಾಗಿ ಕಳಿಸುವುದಿಲ್ಲ. ಸೋಮವಾರ ಬೆಳಿಗ್ಗೆ ಅವನ ಜೊತೆ ನಾನು ಗುತ್ತಿಗೆದಾರನ ಕಚೇರಿಗೆ ಹೋಗುತ್ತೇನೆ. 'ಮೊದಲು ದೋಣಿ ಹತ್ತಿಸಿ ಕಲಿಸಿ, ಆಮೇಲೆ ತಾರೀಕು ಹಾಕಿ ಸಹಿ ಮಾಡುತ್ತಾನೆ' ಎಂದು ಹೇಳುತ್ತೇವೆ. ಅವನ ಜೊತೆಗೆ ಸೇರಿದ ಇನ್ನೂ ನಾಲ್ವರಿಗೆ ಅದೇ ಫಾರಂ ಕೊಟ್ಟಿದ್ದಾರೆ, ಅವರನ್ನೂ ಕರೆದಿದ್ದೇವೆ.

ಸೋಮವಾರ ರಜೆ ಇರುವವರು, ರಾತ್ರಿ ಪಾಳಿಯವರು, ನಮ್ಮ ಜೊತೆ ಬರುವವರು ಈಗ ಕೈಯೆತ್ತಿ ಹೆಸರು ಕೊಡಿ. ನಾನು ಬರೆದುಕೊಳ್ಳುತ್ತೇನೆ, ಶಾಯಿಯಲ್ಲೇ.